ರವಿವಾರದ ಕುದುರೆ

ಕುದುರೆ ಸಾಕಿದ ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗ ನೋಡಿದರೆ ಸಾಕು, ಈ ರವಿವಾರ ಕುದುರೆ ಪ್ರದರ್ಶನ ಇದೆಯೋ ಇಲ್ಲವೋ ತಿಳಿಯುತ್ತದೆ. ಶಾಲೆಯ ಬಿಳಿ ಅಂಗಿ, ಅದರ ಪಕ್ಕಕ್ಕೆ ಜೀನಿನ ಕೆಳಗೆ ಹಾಸುವ ದಪ್ಪ ಕಂಬಳಿ, ಅದರಾಚೆ ಅಜ್ಜನ ಧೋತರ, ಧೋತರದ ತುದಿಗೆ ಕುದುರೆಯ ನಾಲ್ಕು ಕಾಲುಪಟ್ಟಿ. ಮನೆಗೆ ನೀರಿನ ಟಾಕಿ ಒಂದೇ, ನೀಲಿಯ ಬಾಟಲಿ ಒಂದೇ, ವಾರಕ್ಕೆ ಶನಿವಾರವೂ ಒಂದೇ. ಜಗಳಕ್ಕೆ ಇನ್ನೇನು ಬೇಕು?

ಬೀದರ, ಕಲಬುರಗಿ ಸೀಮೆಗೆ ಇದು ಹೊಸ ಹುಚ್ಚಲ್ಲ. 15ನೇ ಶತಮಾನದಲ್ಲಿ ಬೀದರಿಗೆ ಬಂದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಮಾರಾಟಕ್ಕೆಂದು ಒಂದು ಗಂಡು ಕುದುರೆ ತಂದಿದ್ದ. ಅದು ಮಾರಿ ಹೋಗುವಷ್ಟರಲ್ಲಿ ಮೇವಿನ ಖರ್ಚು ಅವನ ಬೆನ್ನು ಮುರಿದಿತ್ತು. ಆಳಂದದ ಜಾತ್ರೆಗೆ 20,000 ಕುದುರೆ ಬರುತ್ತವೆಂದೂ, ಇಲ್ಲಿಯವರು ಕುದುರೆಗೆ ಕಡಲೆಯ ಜೊತೆಗೆ ಸಕ್ಕರೆ, ಎಣ್ಣೆ ಹಾಕಿದ ಕಿಚಡಿ ಬೇಯಿಸಿ ಹಾಕುತ್ತಾರೆಂದೂ ಬರೆದಿಟ್ಟ. ಕಿಚಡಿ ಬೆಂದದ್ದು ಯಾರ ಒಲೆಯ ಮೇಲೆ, ಆ ಹೊತ್ತಿಗೆ ಮನೆಯವರ ಅಡುಗೆ ಆಗಿತ್ತೋ ಇಲ್ಲವೋ, ಅದನ್ನು ಮಾತ್ರ ಬರೆಯಲಿಲ್ಲ. ಗಂಡಸಿನ ಪ್ರವಾಸಕಥನದಲ್ಲಿ ಅಷ್ಟನ್ನು ನಿರೀಕ್ಷಿಸುವುದೂ ತಪ್ಪು.

ರವಿವಾರದ ತಯಾರಿ ಶನಿವಾರ ಎಂದು ತಿಳಿಯುವವರು ಮೊದಲ ಪೆಟ್ಟು ತಿನ್ನುವುದು ನಾಲದಲ್ಲಿ. ಪ್ರದರ್ಶನಕ್ಕೆ ಹೊಸ ನಾಲ ಥಳಥಳ ಹೊಳೆಯಲಿ ಎಂದು ಹಿಂದಿನ ದಿನ ನಾಲ ಬಡಿಯುವ ನಾಲಬಂದನನ್ನು ಕರೆಸುತ್ತಾರೆ. ಮೊಳೆ ಕೂದಲೆಳೆಯಷ್ಟು ಒಳಗೆ ಸರಿದು ಜೀವದ ಭಾಗಕ್ಕೆ ಒತ್ತಿದರೂ ಆ ಹೊತ್ತಿಗೆ ಕುದುರೆ ಏನೂ ತೋರಿಸದೆ ಇರಬಹುದು. ಒಂದೆರಡು ದಿನ ಕಳೆದ ಮೇಲೆ ಕುಂಟುತ್ತದೆ, ಸರಿಯಾಗಿ ನಿರ್ಣಾಯಕರ ಮುಂದೆ. ಆದ್ದರಿಂದ ನಾಲದ ಕೆಲಸ ಒಂದು ವಾರ ಮೊದಲೇ ಮುಗಿಯಬೇಕು. ಗೊರಸು ಕೆತ್ತುವುದು ಹೇಗಿದ್ದರೂ ಆರರಿಂದ ಎಂಟು ವಾರಕ್ಕೊಮ್ಮೆ ಬರುವ ಕೆಲಸ, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಗುರುತು ಹಾಕಿಕೊಂಡರೆ ಆಯಿತು. ಕುದುರೆಗೆ ರೋಗವಿಲ್ಲ ಎಂಬ ಪಶುವೈದ್ಯರ ಕಾಗದವೂ ಹಾಗೆಯೇ. ಗ್ಲ್ಯಾಂಡರ್ಸ್ ಎಂಬುದು ಕುದುರೆಯಿಂದ ಮನುಷ್ಯರಿಗೂ ಹತ್ತುವ ರೋಗ. ಅದರ ರಕ್ತಪರೀಕ್ಷೆಯ ಫಲ ಬರಲು ದಿನಗಳು ಹಿಡಿಯುತ್ತವೆ, ಶುಕ್ರವಾರ ಸಂಜೆ ದವಾಖಾನೆಗೆ ಓಡಿದರೆ ಸಿಗುವುದು ಬೀಗ ಹಾಕಿದ ಬಾಗಿಲು.

ಬಿಳಿ ಕುದುರೆ ಸಾಕುವುದೆಂದರೆ ಮನೆಗೆ ಇನ್ನೊಂದು ಶಾಲೆಯ ಸಮವಸ್ತ್ರ ಬಂದಂತೆ. ರಾತ್ರಿ ಲದ್ದಿಯ ಮೇಲೆ ಮಲಗಿ ಬೆಳಿಗ್ಗೆ ಎದ್ದರೆ ಮೊಣಕಾಲು, ಪಕ್ಕೆ ಎಲ್ಲ ಹಳದಿ. ಬೀದರಿನ ಕೆಂಪು ಮಣ್ಣು ಬೇರೆ, ಒಂದು ಸುತ್ತು ತಿರುಗಿ ಬಂದರೆ ಬಿಳಿ ಕಾಲು ಕುಂಕುಮ ಹಚ್ಚಿದ ಹೊಸ್ತಿಲಾಗುತ್ತದೆ. ಆ ಧೂಳಿಗೆ ಒಡನೆಯೇ ನೀರು ತಾಗಿಸಬಾರದು. ಒಣಗಿದ್ದಾಗ ಬ್ರಶ್ಶಿಗೆ ಉದುರುವಂಥದ್ದು, ಒದ್ದೆಯಾದರೆ ಬಣ್ಣವಾಗಿ ಕೂರುತ್ತದೆ. ಕಲಬುರಗಿಯ ಎರೆಮಣ್ಣಿನದು ಬೇರೆ ಕಾಟ: ಬಣ್ಣ ಬಿಡುವುದಿಲ್ಲ, ಗೊರಸಿನೊಳಗೆ ಗಾರೆಯಂತೆ ಗಟ್ಟಿಯಾಗುತ್ತದೆ, ಹಿಮ್ಮಡಿಯಿಂದ ತುದಿಯ ಕಡೆಗೆ ಕೊಕ್ಕೆ ಹಾಕಿ ಕೀಳಬೇಕು. ಕಿತ್ತಾಗ ಕೊಳೆತ ವಾಸನೆ ಬಂದರೆ ಪ್ರದರ್ಶನದ ಮಾತು ಬಿಟ್ಟು ಗೊರಸಿನ ಚಿಂತೆ ಮಾಡಬೇಕು.

ಸ್ನಾನ ಶನಿವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಆಗಬೇಕು, ಸಂಜೆಯೊಳಗೆ ಮೈ ಪೂರ್ತಿ ಒಣಗುವಂತೆ. ಮೊದಲು ಒಣ ಖರಾರಾ, ಎಂದರೆ ಒರಟು ಬ್ರಶ್ಶಿನಿಂದ ಗುಂಡಗೆ ತಿಕ್ಕುತ್ತಾ ಸತ್ತ ಕೂದಲು ಎಬ್ಬಿಸುವುದು. ಆಮೇಲೆ ಮೆತ್ತನೆ ಬ್ರಶ್. ನೀರು ಕಾಲಿನಿಂದ ಶುರುವಾಗಿ ಮೇಲಕ್ಕೆ ಹೋಗಬೇಕು, ನೇರ ಸೊಂಟದ ಮೇಲೆ ಸುರಿದರೆ ಕುದುರೆ ಜಿಗಿಯುತ್ತದೆ, ಬಕೆಟ್ ಹಿಡಿದವನೂ ಜಿಗಿಯುತ್ತಾನೆ. ಕಿವಿಯೊಳಗೆ ನೀರು ಹೋಗಕೂಡದು, ಮುಖಕ್ಕೆ ಒದ್ದೆ ಬಟ್ಟೆಯೇ ಸಾಕು. ಶಾಂಪೂ ಹಾಕಿದ್ದಕ್ಕಿಂತ ಎರಡು ಪಟ್ಟು ಹೊತ್ತು ತೊಳೆಯಬೇಕು. ಬುರುಗು ಉಳಿದರೆ ತುರಿಕೆ, ತುರಿಕೆ ಬಂದರೆ ಗೋಡೆಗೆ ಉಜ್ಜುವುದು, ಬೆಳಗಾಗುವಷ್ಟರಲ್ಲಿ ಬಾಲದ ಬುಡ ಬೋಳು. ಬಾಲದ ಹಳದಿ ತೆಗೆಯಲು ಹದಿನೈದು ಲೀಟರ್ ಬಕೆಟ್ಟಿಗೆ ಎರಡು ಮೂರು ಹನಿ ನೀಲಿ ಬಿಟ್ಟು, ಎರಡು ನಿಮಿಷ ಅದ್ದಿ, ಮತ್ತೆ ಸ್ವಚ್ಛ ನೀರಿನಲ್ಲಿ ಜಾಲಿಸುತ್ತಾರೆ. ಅವಸರದಲ್ಲಿ ಮುಚ್ಚಳದ ಲೆಕ್ಕಕ್ಕೆ ಸುರಿದವರ ಕುದುರೆ ಬದನೆಕಾಯಿ ಬಣ್ಣದ ಬಾಲ ಎತ್ತಿಕೊಂಡು ಮೈದಾನಕ್ಕೆ ಬರುತ್ತದೆ. ಅಲ್ಲಿಗೆ ಮಕ್ಕಳ ಅಂಗಿಗೆ ನೀಲಿಯೂ ಮುಗಿದಿರುತ್ತದೆ.

ಕತ್ತಿನ ಕೂದಲನ್ನು ಮಾತ್ರ ಅವತ್ತು ತೊಳೆಯಬಾರದು. ಆಗಷ್ಟೇ ತೊಳೆದ ಕೂದಲು ಜಾರುತ್ತದೆ, ಜಡೆ ನಿಲ್ಲುವುದಿಲ್ಲ. ಎಣ್ಣೆ ಹಚ್ಚಿದರಂತೂ ಜಾರುವುದರ ಜೊತೆಗೆ ಧೂಳೂ ಅಂಟುತ್ತದೆ. ಎರಡು ದಿನ ಮೊದಲು ತೊಳೆದು, ಹೆಣೆಯುವಾಗ ನೀರು ಚಿಮುಕಿಸಿಕೊಂಡು, ಬಾಚಣಿಗೆಯ ಅಗಲಕ್ಕೊಂದು ಭಾಗ ಮಾಡಿ, ಮೂರು ಕಾಲು ಹೆಣೆದು, ತುದಿ ಮಡಚಿ ಕಟ್ಟಬೇಕು. ಬುಡದಲ್ಲಿ ತೀರಾ ಬಿಗಿದರೆ ಕುದುರೆ ತಲೆ ಬಗ್ಗಿಸಲು ಒಲ್ಲದು. ಈ ಕೆಲಸ ಮನೆಯ ಹೆಂಗಸರಿಗೆ ಬಂದಷ್ಟು ಕುದುರೆ ನೋಡಿಕೊಳ್ಳುವ ಸಾಯಿಸನಿಗೆ ಬರುವುದಿಲ್ಲ, ದಿನಾ ಎರಡು ಜಡೆ ಹಾಕಿದ ಕೈ ಅದು.

ಇಷ್ಟರಲ್ಲಿ ಬೀಗರ ಫೋನ್ ಬರುತ್ತದೆ. ಬಸುರಿಯ ಕುಬಸ, ನಿಶ್ಚಯ, ಹೊಸ ಮನೆಯ ಪೂಜೆ, ಯಾವುದಾದರೊಂದು ಅದೇ ರವಿವಾರಕ್ಕೆ ಬಿದ್ದಿರುತ್ತದೆ. “ಕುದುರಿ ನಾಳಿನೂ ಇರ್ತದ, ಕುಬಸ ಮತ್ತ ಆಗ್ತದೇನು?” ಎಂದು ಹಿರಿಯರು ಕೇಳಿದರೆ ಉತ್ತರವಿಲ್ಲ. ಊರಿಂದ ಬಂದವರು ಒಂದು ರಾತ್ರಿ ಉಳಿಯುತ್ತಾರೆ, ಉಳಿದ ಹೋಳಿಗೆ ಪ್ರೀತಿಯಿಂದ ಲಾಯಕ್ಕೆ ಹೋಗುತ್ತದೆ. ನಿಜವಾದ ಅಪಾಯ ಇದು. ಕುದುರೆಗೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ, ಒಳಗೆ ಹೋದದ್ದು ಪೂರ್ತಿ ದಾರಿ ಹೋಗಿಯೇ ಹೊರಗೆ ಬರಬೇಕು. ಮೇವು ಬದಲಿಸುವುದಾದರೆ ಏಳರಿಂದ ಹತ್ತು ದಿನ ಹಿಡಿದು ಸ್ವಲ್ಪಸ್ವಲ್ಪವಾಗಿ ಬದಲಿಸಬೇಕು, ಕಾಳು ಒಂದು ಹೊತ್ತಿಗೆ ಎರಡು ಕಿಲೋ ಮೀರಬಾರದು. ಮುಂಗಾಲಿನಿಂದ ನೆಲ ಕೆರೆಯುವುದು, ತಿರುತಿರುಗಿ ಹೊಟ್ಟೆ ನೋಡಿಕೊಳ್ಳುವುದು, ಲದ್ದಿ ನಿಲ್ಲುವುದು ಕಂಡರೆ ಮೇವು ತೆಗೆದು ವೈದ್ಯರನ್ನು ಕರೆಯಬೇಕು. ಬಾಟಲಿಯಲ್ಲಿ ಎಣ್ಣೆ ಕುಡಿಸಲು ಯಾರಾದರೂ ಮುಂದೆ ಬಂದೇ ಬರುತ್ತಾರೆ. ಅದು ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆನೋವಿಗಿಂತ ದೊಡ್ಡದು. ಅವರಿಗೆ ಚಹಾ ಕೊಟ್ಟು ಕೂರಿಸಿ.

ರವಿವಾರ ನಸುಕಿನ ನಾಲ್ಕಕ್ಕೆ ಕಾಳು, ಆಮೇಲೆ ಬರೀ ಒಣಮೇವು. ಪಿಕಪ್ ಗಾಡಿಯ ತಳಕ್ಕೆ ಮರಳು ಹಾಸಿದ್ದರೆ ಕಾಲು ಜಾರುವುದಿಲ್ಲ. ಕುದುರೆ ಕಟ್ಟಲು ಒಂದೇ ಎಳೆತಕ್ಕೆ ಬಿಚ್ಚುವ ಗಂಟು. ಮಂದಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಗೊರಸಿಗೆ ಎಣ್ಣೆ ಹಚ್ಚುವುದು ಕಟ್ಟಕಡೆಗೆ, ಕಣಕ್ಕೆ ಇಳಿಯುವ ಮುಂಚೆ. ಬಿಳಿ ಕಾಲಿನ ಮೇಲೆ ಉಳಿದ ಕಲೆಗೆ ಸೀಮೆಸುಣ್ಣದ ಪುಡಿ, ಅದು ಯಾರ ಪಾಟಿಚೀಲದಿಂದ ಬಂತೆಂದು ಆಗ ಕೇಳಬಾರದು.

ಸಂಜೆ ತಿರುಗಿ ಬಂದಾಗ ಕಪ್ ಸಿಕ್ಕಿರಲಿ ಬಿಡಲಿ, ಜಡೆ ಅವತ್ತೇ ಬಿಚ್ಚಬೇಕು, ಇಲ್ಲದಿದ್ದರೆ ರಾತ್ರಿಯೆಲ್ಲ ಉಜ್ಜಿ ಕೂದಲು ಹರಿದುಕೊಳ್ಳುತ್ತದೆ. ಸೋಮವಾರ ಕುದುರೆಗೆ ರಜೆ, ಕಾಳೂ ಅರ್ಧ. ದುಡಿಮೆಯ ಕುದುರೆ ಸುಮ್ಮನೆ ನಿಂತ ದಿನ ಪೂರ್ತಿ ಕಾಳು ತಿಂದರೆ ಮರುದಿನ ಹೊರಟಾಗ ಹಿಂಭಾಗದ ಸ್ನಾಯು ಕಟ್ಟಿಗೆಯಾಗಿ ಬಿಗಿದುಕೊಳ್ಳುತ್ತವೆ. ಹಿಂದೆ ಗಾಡಿ ಕುದುರೆಗಳಿಗೆ ರವಿವಾರದ ಬಿಡುವಿನ ಮರುದಿನ ಹೀಗಾಗುತ್ತಿದ್ದುದರಿಂದ ಬಿಳಿಯರು ಇದಕ್ಕೆ ಸೋಮವಾರದ ಬೇನೆ ಎಂದೇ ಹೆಸರಿಟ್ಟಿದ್ದರು. ರಜೆಯ ದಿನವೂ ಅಂಗಳದಲ್ಲಿ ಸ್ವಲ್ಪ ಹೊತ್ತು ನಡೆಸಿದರೆ ಒಳ್ಳೆಯದು.

ಮಕ್ಕಳಿಗೆ ಆ ರಜೆಯಿಲ್ಲ. ಎಂಟೂವರೆಗೆ ಶಾಲೆಯ ಗಾಡಿ. ಎರಡು ಜಡೆಗೆ ರಿಬ್ಬನ್ ಎಲ್ಲಿ ಎಂದು ಹುಡುಕಿದರೆ ಜೀನಿನ ಚೀಲದಲ್ಲಿ ಸಿಗುತ್ತದೆ, ಗಂಟಿನೊಳಗೆ ನಾಲ್ಕು ಬಿಳಿ ಕೂದಲು ಸಮೇತ.