ಆಯಿಲ್ ಮುಚ್ಚಳ ತೆಗೆಯಲು ಬಿಡದವರಿಂದ ಟರ್ಬೊ ಕಾರು ಕೊಳ್ಳುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಕಾರು ಮಾರುವವರು ನನಗೆ ಎಲ್ಲವನ್ನೂ ತೋರಿಸುತ್ತಾರೆ. ಹೊಸದಾಗಿ ಹಾಕಿಸಿದ ಸೀಟ್ ಕವರ್, ರಿವರ್ಸ್ ಕ್ಯಾಮೆರಾ, ಸನ್‌ರೂಫ್, ಎರಡನೆಯ ಕೀ, ಒಂಬತ್ತಕ್ಕೆ ಕೂಡುವ ನಂಬರ್ ಪ್ಲೇಟ್, ಬಾನೆಟ್ ಎತ್ತಿದರೆ ಪಾಲಿಶ್ ಹೊಡೆದು ಮಿಂಚಿಸಿದ ಎಂಜಿನ್ ಹೊದಿಕೆ, ಇವನ್ನೆಲ್ಲ ಕೇಳದೆಯೇ ತೋರಿಸುತ್ತಾರೆ. ಆ ಹೊದಿಕೆಯ ಪಕ್ಕದಲ್ಲೇ ಇರುವ, ಎಂಜಿನ್ ಆಯಿಲ್ ಸುರಿಯುವ ಬಾಯಿಯ ಮುಚ್ಚಳವನ್ನು ಒಮ್ಮೆ ತಿರುಗಿಸಿ ತೆಗೆಯುತ್ತೇನೆ ಎಂದ ಕೂಡಲೇ ಮಾತ್ರ ಮುಖ ಗಂಟಿಕ್ಕಿಕೊಳ್ಳುತ್ತಾರೆ. "ಅದನ್ನೆಲ್ಲ ಯಾರೂ ತೆಗೆಯಲ್ಲ ಸಾರ್, ಸ್ಟಾರ್ಟ್ ಮಾಡಿ ಸೌಂಡ್ ಕೇಳಿ, ಬೆಣ್ಣೆ ಥರ ಇದೆ" ಎಂಬ ಉತ್ತರವನ್ನು ನಾನು ಈಗ ಇಷ್ಟು ಕಡೆ ಕೇಳಿದ್ದೇನೆಂದರೆ, ಇವರೆಲ್ಲ ಒಂದೇ ಗುರುವಿನ ಶಿಷ್ಯರೇ ಇರಬೇಕೆಂಬ ಗುಮಾನಿ ಬಂದಿದೆ. ಎಂಟು ಲಕ್ಷ ರೂಪಾಯಿ ಎಣಿಸಿಕೊಡಲು ಬಂದವನಿಗೆ ಕೈಯಲ್ಲೇ ತೆಗೆಯಬಹುದಾದ ಒಂದು ಮುಚ್ಚಳವನ್ನು ತೆಗೆಯುವ ಹಕ್ಕಿಲ್ಲವೇ?

ಸಾಮಾನ್ಯ ಪೆಟ್ರೋಲ್ ಕಾರಾಗಿದ್ದರೆ ನಾನು ಇಷ್ಟು ಹಟ ಹಿಡಿಯುತ್ತಿರಲಿಲ್ಲ. ಟರ್ಬೊ ಕಾರಿನ ಸಂಗತಿ ಬೇರೆ. ಟರ್ಬೊ ಎಂದರೆ ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಪುಟ್ಟ ಯಂತ್ರ. ಚಿಕ್ಕ ಎಂಜಿನ್‌ಗಳ ಟರ್ಬೊದ ಒಳಗಿನ ಶಾಫ್ಟ್ ಜೋರಾಗಿ ಓಡುವಾಗ ನಿಮಿಷಕ್ಕೆ ಎರಡು ಲಕ್ಷ ಸುತ್ತುಗಳವರೆಗೂ ತಿರುಗುತ್ತದೆ, ಮತ್ತು ಅದನ್ನು ಲೋಹಕ್ಕೆ ಲೋಹ ತಾಗದಂತೆ ಹಿಡಿದಿಟ್ಟಿರುವುದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ ಮಾತ್ರ. ಅದರ ಒಂದು ಬದಿಯಲ್ಲಿ 900 ಡಿಗ್ರಿ ಸೆಲ್ಸಿಯಸ್ ಮೀರಬಲ್ಲ ಹೊಗೆ ಹಾಯುತ್ತಿರುತ್ತದೆ. ಆ ಸುಡುಬಿಸಿಯಲ್ಲಿ ಹೋಗಿಬರುವ ಆಯಿಲನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಅದು ಆಮ್ಲಜನಕದೊಂದಿಗೆ ಸೇರಿ ಕೆಡುತ್ತದೆ. ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿಯುವ ಮಸಿ, ಸುಡದೆ ಉಳಿದ ಪೆಟ್ರೋಲ್, ನೀರಿನ ಆವಿ ಎಲ್ಲವೂ ಅದಕ್ಕೆ ಬೆರೆಯುತ್ತವೆ. ಕೊನೆಗೆ ಎಂಜಿನ್‌ನ ಮೂಲೆ ಮೂಲೆಗಳಲ್ಲಿ ಡಾಂಬರಿನಂತಹ ಮಡ್ಡಿ ಕೂರುತ್ತದೆ. ಇದನ್ನೇ ಗ್ಯಾರೇಜಿನವರು ಸ್ಲಡ್ಜ್ ಎನ್ನುತ್ತಾರೆ. ಟರ್ಬೊಗೆ ಆಯಿಲ್ ಒಯ್ಯುವ ಪೈಪಿನ ಒಳಗಿನ ದಾರಿ ಕೆಲವೇ ಮಿಲಿಮೀಟರ್ ಅಗಲದ್ದು. ಅದು ಕಟ್ಟಿಕೊಂಡರೆ ಬೇರಿಂಗ್ ಒಣಗುತ್ತದೆ. ಎಂಜಿನ್‌ನ ಅಡಿಯಲ್ಲಿ ಆಯಿಲ್ ನಿಲ್ಲುವ ಚೇಂಬರಿಗೆ ಮರಳಿ ಇಳಿಯುವ ಪೈಪು ಕಟ್ಟಿಕೊಂಡರೆ ಆಯಿಲ್ ಸೀಲುಗಳನ್ನು ದಾಟಿ ಸೈಲೆನ್ಸರಿನ ಕಡೆಗೆ ಹೋಗಿ ನೀಲಿ ಹೊಗೆಯಾಗಿ ಹೊರಬರುತ್ತದೆ. ಚೇಂಬರಿನ ತಳದಲ್ಲಿ ಆಯಿಲ್ ಹೀರುವ ಜಾಲರಿಯೇ ಕಟ್ಟಿಕೊಂಡರಂತೂ ಟರ್ಬೊ ಒಂದೇ ಅಲ್ಲ, ಇಡೀ ಎಂಜಿನ್ ಕೈಬಿಡುತ್ತದೆ. ಟರ್ಬೊದ ಸುತ್ತ ನೀರು ಹರಿಸಿ ತಂಪು ಮಾಡುವ ವ್ಯವಸ್ಥೆ ಈಗಿನ ಕಾರುಗಳಲ್ಲಿ ಇರುವುದರಿಂದ ಆಯಿಲ್ ಅಲ್ಲೇ ಕರಿಕಾಗುವುದು ಹಿಂದಿಗಿಂತ ಕಡಿಮೆಯಾಗಿದೆ ಎಂಬುದು ನಿಜ. ಆದರೆ ಬದಲಿಸದ ಆಯಿಲನ್ನು ಯಾವ ನೀರೂ ಹೊಸದು ಮಾಡುವುದಿಲ್ಲ.

ಈ ಕಾರುಗಳು ಈಗಲೇ ಏಕೆ ಇಷ್ಟೊಂದು ಸಂಖ್ಯೆಯಲ್ಲಿ ಮಾರಾಟಕ್ಕೆ ಬರುತ್ತಿವೆ ಎಂಬುದಕ್ಕೂ ಕಾರಣವಿದೆ. ನಮ್ಮ ತೆರಿಗೆ ಪದ್ಧತಿಯಲ್ಲಿ ನಾಲ್ಕು ಮೀಟರ್ ಮೀರದ ಉದ್ದ ಮತ್ತು 1200 ಸಿಸಿ ಮೀರದ ಪೆಟ್ರೋಲ್ ಎಂಜಿನ್ ಇದ್ದರೆ ಮಾತ್ರ ಸಣ್ಣ ಕಾರಿನ ರಿಯಾಯಿತಿ ಸಿಗುತ್ತದೆ. ಆ ಮಿತಿಯೊಳಗೇ ಶಕ್ತಿ ಹೆಚ್ಚಿಸಲು ಕಂಪನಿಗಳಿಗೆ ಟರ್ಬೊ ಬೇಕಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಕಟ್ಟುನಿಟ್ಟಿನ ಹೊಗೆ ಮಾಲಿನ್ಯ ನಿಯಮ ಜಾರಿಯಾದಾಗ ಹಲವು ಕಂಪನಿಗಳು ಸಣ್ಣ ಡೀಸೆಲ್ ಎಂಜಿನ್‌ಗಳನ್ನು ಕೈಬಿಟ್ಟವು, ಅವುಗಳ ಜಾಗಕ್ಕೂ ಒಂದು ಲೀಟರಿನ ಟರ್ಬೊ ಪೆಟ್ರೋಲ್‌ಗಳೇ ಬಂದವು. ಆಗ ಕೊಂಡವರ ವಾರಂಟಿ ಈಗ ಮುಗಿದಿದೆ ಅಥವಾ ಮುಗಿಯುತ್ತಿದೆ, ಆದ್ದರಿಂದ ಅವರು ಮಾರುತ್ತಿದ್ದಾರೆ. ಮಾರುವುದು ತಪ್ಪಲ್ಲ. ಆದರೆ ಆ ವರ್ಷಗಳಲ್ಲಿ ಆಯಿಲ್ ಎಷ್ಟು ಸಲ ಬದಲಾಯಿತು ಎಂದು ಕೇಳಿದರೆ ಕಾರಿನ ಬಣ್ಣದ ಬಗ್ಗೆ ಮಾತು ತಿರುಗಿಸುವುದು ತಪ್ಪು.

ಕೆಲವು ಕಂಪನಿಗಳು ವರ್ಷಕ್ಕೊಮ್ಮೆ ಅಥವಾ 15,000 ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಿದರೆ ಸಾಕು ಎನ್ನುತ್ತವೆ. ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಸರಾಸರಿಯಲ್ಲಿ ಓಡಿದರೆ ಈ ದೂರಕ್ಕೆ ಎಂಜಿನ್ 250 ಗಂಟೆ ದುಡಿಯುತ್ತದೆ. ಬೆಂಗಳೂರಿನ ಔಟರ್ ರಿಂಗ್ ರಸ್ತೆಯಲ್ಲಿ 20 ಕಿ.ಮೀ. ಸರಾಸರಿ ಎಂದು ಉದಾರವಾಗಿ ಹಿಡಿದರೂ ಅದೇ ದೂರಕ್ಕೆ 750 ಗಂಟೆಯಾಗುತ್ತದೆ. ಮೀಟರಿನಲ್ಲಿ ಎರಡೂ ಒಂದೇ. ಇಂತಹ ಬಳಕೆಗೆ ಅವಧಿಯನ್ನು ತಗ್ಗಿಸಿಕೊಳ್ಳಬೇಕೆಂದು ಎಷ್ಟೋ ಕಾರುಗಳ ಮಾಲೀಕರ ಕೈಪಿಡಿಯಲ್ಲೇ ಅಚ್ಚಾಗಿರುತ್ತದೆ, ಆದರೆ ಅದನ್ನು ಓದಿದ ಮಾಲೀಕರನ್ನು ನಾನು ಇನ್ನೂ ಕಂಡಿಲ್ಲ. "ಬರೀ 32,000 ಓಡಿದೆ ಸಾರ್, ಆಫೀಸಿಗೆ ಹೋಗಿಬಂದಿದ್ದು ಅಷ್ಟೇ" ಎಂದು ಹೆಮ್ಮೆಯಿಂದ ಹೇಳುವವರಿಗೆ, ನನ್ನ ಹೆದರಿಕೆಗೆ ಅದೇ ಕಾರಣ ಎಂದು ಹೇಗೆ ತಿಳಿಸುವುದು? ಎಂಜಿನ್ ಸರಿಯಾಗಿ ಬಿಸಿಯೇರುವ ಮೊದಲೇ ಆಫಾಗುವ ನಾಲ್ಕು ಕಿಲೋಮೀಟರಿನ ಓಡಾಟದಲ್ಲಿ ಆಯಿಲಿಗೆ ಸೇರಿದ ನೀರು ಮತ್ತು ಪೆಟ್ರೋಲ್ ಆವಿಯಾಗದೆ ಅಲ್ಲೇ ಉಳಿಯುತ್ತವೆ.

ಮುಚ್ಚಳ ತೆಗೆಯಲು ಬಿಟ್ಟ ಒಬ್ಬ ಮಹಾನುಭಾವರೂ ಸಿಕ್ಕಿದರು. ಅವರು ಮೊದಲು ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ಎಳೆದು, ಬಿಳಿ ಟಿಶ್ಯೂ ಕಾಗದದ ಮೇಲೆ ಒರೆಸಿ, ಜೇನಿನ ಬಣ್ಣದ ಆಯಿಲನ್ನು ನನ್ನ ಮೂಗಿನ ಹತ್ತಿರ ಹಿಡಿದು "ನೋಡಿ, ಎಷ್ಟು ಕ್ಲೀನ್" ಎಂದರು. ನಂತರ ನಾನು ಮುಚ್ಚಳ ತೆಗೆದು ಮೊಬೈಲಿನ ಟಾರ್ಚ್ ಬಿಟ್ಟು ನೋಡಿದರೆ, ವಾಲ್ವುಗಳನ್ನು ಆಡಿಸುವ ದಂಡವಾದ ಕ್ಯಾಮ್‌ಶಾಫ್ಟಿನ ಅಕ್ಕಪಕ್ಕದ ಗೋಡೆಗಳ ಮೇಲೆ ಕಪ್ಪು ಮಡ್ಡಿ ಹೆಪ್ಪುಗಟ್ಟಿ ಕೂತಿತ್ತು. ಮುಚ್ಚಳದ ಒಳಬದಿಗೆ ಬೆರಳು ಸವರಿದರೆ ಹರಳುಹರಳಾಗಿ ಕೈಗೆ ಬಂದಿತು. ಹಿಂದಿನ ವಾರ ಹೊಸ ಆಯಿಲ್ ಸುರಿದು ವರ್ಷಗಳ ನಿರ್ಲಕ್ಷ್ಯವನ್ನು ಮುಚ್ಚಿದ್ದರು. ಆ ಬೆರಳನ್ನು ತೋರಿಸಿದಾಗ ಅವರು ಕಿಂಚಿತ್ತೂ ವಿಚಲಿತರಾಗದೆ, "ಅದಕ್ಕೇನಂತೆ, ಐನೂರು ರೂಪಾಯಿಯ ಫ್ಲಶ್ ಹಾಕಿಸಿದರೆ ಎಲ್ಲ ತೊಳೆದು ಹೋಗುತ್ತೆ" ಎಂದರು. ತೊಳೆದು ಎಲ್ಲಿಗೆ ಹೋಗುತ್ತದೆ, ಸ್ವಾಮಿ? ಗೋಡೆ ಬಿಟ್ಟು ಕಳಚಿದ ಚಕ್ಕೆಗಳು ಡ್ರೈನ್ ಬೋಲ್ಟ್ ಹುಡುಕಿಕೊಂಡು ಶಿಸ್ತಾಗಿ ಹೊರಬರುವುದಿಲ್ಲ, ಆಯಿಲ್ ಹೀರುವ ಜಾಲರಿಗೆ ಹೋಗಿ ಅಂಟಿಕೊಳ್ಳುತ್ತವೆ. ಮಡ್ಡಿ ಇಷ್ಟು ಕಟ್ಟಿದ ಎಂಜಿನ್‌ಗೆ ಚೇಂಬರ್ ಬಿಚ್ಚಿ ಜಾಲರಿ ತೊಳೆಯದೆ ಫ್ಲಶ್ ಹಾಕಬಾರದೆಂದು ನಾನು ನಂಬುವ ಮೆಕ್ಯಾನಿಕ್ ಮೊದಲೇ ಎಚ್ಚರಿಸಿದ್ದರು.

ಹಾಗೆಂದು ಕಪ್ಪಗೆ ಕಂಡದ್ದೆಲ್ಲ ಸ್ಲಡ್ಜ್ ಎಂದು ಕೂಗುವವನು ನಾನಲ್ಲ. ಓಡಿದ ಆಯಿಲ್ ಕಪ್ಪಾಗುವುದು ಸಹಜ, ಡೀಸೆಲ್‌ನಲ್ಲಂತೂ ಬದಲಿಸಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಮಡಿಕೇರಿಯ ಮಳೆಗಾಲದಲ್ಲಿ ಅಂಗಡಿಗೆ, ಶಾಲೆಗೆ ಮಾತ್ರ ಹೋಗಿಬರುವ ಕಾರಿನ ಮುಚ್ಚಳದಡಿ ಬೆಳ್ಳಗಿನ ನೊರೆ ಕಂಡರೆ ಅದು ಹೆಡ್ ಗ್ಯಾಸ್ಕೆಟ್ ಹೋಗಿ ಎಂಜಿನ್ ತಂಪು ಮಾಡುವ ನೀರು ಆಯಿಲಿಗೆ ಬೆರೆತ ಲಕ್ಷಣವೇ ಆಗಬೇಕೆಂದಿಲ್ಲ, ತೇವಾಂಶವೂ ಇರಬಹುದು. ಕೆಲವು ಎಂಜಿನ್‌ಗಳಲ್ಲಿ ಮುಚ್ಚಳದ ಕೆಳಗೆ ತಗಡಿನ ಅಡ್ಡ ಇರುವುದರಿಂದ ಏನೂ ಕಾಣುವುದೇ ಇಲ್ಲ. ಅಲ್ಲಿ ಎಂಜಿನ್‌ನ ತಲೆಯನ್ನು ಮುಚ್ಚುವ ಟ್ಯಾಪೆಟ್ ಕವರ್ ಬಿಚ್ಚಬೇಕು ಅಥವಾ ತೆಳುವಾದ ಕ್ಯಾಮೆರಾ ಇಳಿಸಬೇಕು. ಅದಕ್ಕಾಗಿಯೇ ನಾನು ಮೆಕ್ಯಾನಿಕ್ ಕೂಲಿಯನ್ನೂ ಗ್ಯಾಸ್ಕೆಟ್ ಖರ್ಚನ್ನೂ ನಾನೇ ಕೊಡುತ್ತೇನೆ ಎನ್ನುತ್ತೇನೆ. ಆಗ ಗಾಡಿಗೆ ಇದ್ದಕ್ಕಿದ್ದಂತೆ ಬೇರೆ ಗಿರಾಕಿ ಹುಟ್ಟಿಕೊಳ್ಳುತ್ತಾರೆ.

ಇನ್ನು ಆನ್‌ಲೈನ್‌ನಲ್ಲಿ ಮಾರುವವರ ತಪಾಸಣಾ ವರದಿಯ ವೈಭವ. ಪುಟಗಟ್ಟಲೆ ಹಸಿರು ಟಿಕ್ ಗುರುತುಗಳು. ಪ್ರತಿ ಟೈರಿನ ಸವೆತವನ್ನು ಮಿಲಿಮೀಟರಿನಲ್ಲಿ ಅಳೆದಿದ್ದಾರೆ, ಹಿಂದಿನ ಬಾಗಿಲಿನ ಗೀರಿಗೆ ಬಾಣದ ಗುರುತು ಹಾಕಿದ್ದಾರೆ, ಎಸಿಯ ಗಾಳಿಯ ಉಷ್ಣಾಂಶ ಬರೆದಿದ್ದಾರೆ. ಎಂಜಿನ್ ಎಂಬ ತಲೆಬರಹದಡಿ "ಆಯಿಲ್ ಸೋರಿಕೆ ಇಲ್ಲ, ಅಸಹಜ ಶಬ್ದವಿಲ್ಲ" ಎಂಬ ಎರಡು ಸಾಲು. ಟ್ಯಾಪೆಟ್ ಕವರಿನ ಕೆಳಗಿನ ಒಂದೇ ಒಂದು ಫೋಟೋ ಇಲ್ಲ. ಅವರು ಕೊಡುವ ವಾರಂಟಿಯ ಷರತ್ತುಗಳನ್ನು ಕೂತು ಓದಿದೆ: ಆಯಿಲ್ ಕೆಟ್ಟು ಅಥವಾ ನಿರ್ವಹಣೆಯ ಕೊರತೆಯಿಂದ ಆದ ಹಾನಿಗೆ ಪರಿಹಾರವಿಲ್ಲವಂತೆ. ಅಂದರೆ ಹಿಂದಿನ ಮಾಲೀಕನ ಸೋಮಾರಿತನವನ್ನು ಅವರು ನೋಡುವುದಿಲ್ಲ, ನನಗೆ ನೋಡಲು ಬಿಡುವುದಿಲ್ಲ, ಅದರಿಂದ ಟರ್ಬೊ ಹೋದರೆ ಲಕ್ಷದ ಆಸುಪಾಸಿನ ಬಿಲ್ಲನ್ನು ಮಾತ್ರ ನಾನು ಕಟ್ಟಬೇಕು.

ಸರ್ವಿಸ್ ಹಿಸ್ಟರಿ ಕೇಳಿದರೆ ಇನ್ನೊಂದು ನಾಟಕ. ಮೊದಲ ಮೂರು ಉಚಿತ ಸರ್ವಿಸ್‌ಗಳ ದಾಖಲೆ ಇರುತ್ತದೆ, ಆಮೇಲೆ ಎರಡು ವರ್ಷ ಖಾಲಿ. "ಹೊರಗಡೆ ಮಾಡಿಸಿದ್ದಾರೆ, ಫ್ರೆಂಡ್ ಗ್ಯಾರೇಜು" ಎನ್ನುತ್ತಾರೆ. ಹೊರಗೆ ಮಾಡಿಸಿದ್ದರಲ್ಲಿ ದೋಷವಿಲ್ಲ, ಒಳ್ಳೆಯ ಗ್ಯಾರೇಜುಗಳು ಊರಿನ ತುಂಬ ಇವೆ. ಆದರೆ ಯಾವ ಗ್ರೇಡಿನ ಆಯಿಲ್, ಎಷ್ಟು ಲೀಟರ್, ಎಷ್ಟು ಕಿಲೋಮೀಟರಿನಲ್ಲಿ ಎಂಬ ಒಂದು ಚೀಟಿಯಾದರೂ ಬೇಡವೇ? ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಪಸಾಟ್ ಮತ್ತು ಆಡಿ ಎ4 ಕಾರುಗಳ 1.8 ಲೀಟರ್ ಟರ್ಬೊ ಎಂಜಿನ್‌ಗಳಲ್ಲಿ ಇದೇ ಸ್ಲಡ್ಜ್ ಕಾಣಿಸಿಕೊಂಡು, 2004ರಲ್ಲಿ ಕಂಪನಿ ಅದಕ್ಕೆ ಎಂಟು ವರ್ಷಗಳ ವಾರಂಟಿ ವಿಸ್ತರಿಸಿದಾಗಲೂ, ಆಯಿಲ್ ಬದಲಿಸಿದ ದಾಖಲೆಯನ್ನು ಮಾಲೀಕರಿಂದಲೇ ಕೇಳಿತ್ತು. ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ ಕೇಳಿದರೆ ಮಾಲೀಕರ ಒಪ್ಪಿಗೆ ಇಲ್ಲದೆ ಕೊಡುವುದಿಲ್ಲ ಎನ್ನುತ್ತಾರೆ. ಅದು ನ್ಯಾಯವೇ. ಆದರೆ ಒಂದು ಫೋನ್ ಕರೆಯಲ್ಲಿ ಮುಗಿಯುವ ಆ ಒಪ್ಪಿಗೆಯನ್ನು ಕೊಡಿಸಲು ಮಾರುವವರಿಗೆ ಪುರುಸೊತ್ತಿಲ್ಲ. ಅಡ್ವಾನ್ಸ್ ಕೇಳಲು ದಿನಕ್ಕೆ ನಾಲ್ಕು ಸಲ ಪುರುಸೊತ್ತಾಗುತ್ತದೆ.

ಸರ್ಕಾರ ಈ ವ್ಯಾಪಾರದ ಕಡೆ ನೋಡಿಯೇ ಇಲ್ಲ ಎನ್ನುವಂತೆಯೂ ಇಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ ಹಳೆಯ ವಾಹನಗಳ ಡೀಲರುಗಳು ಅಧಿಕಾರ ಪತ್ರ ಪಡೆಯಬೇಕು, ತಮ್ಮ ಸುಪರ್ದಿಗೆ ಬಂದ ವಾಹನದ ಓಡಾಟವನ್ನು ದಾಖಲಿಸಬೇಕು. 2025ರ ಜನವರಿಯಿಂದ ನೋಂದಾಯಿತ ಡೀಲರುಗಳ ಲಾಭದ ಮೇಲೆ 18% ಜಿಎಸ್‌ಟಿಯೂ ಇದೆ. ಕಾಗದ ಸರಿಯಾಯಿತು, ತೆರಿಗೆ ಸರಿಯಾಯಿತು. ವಾಹನವನ್ನು ಶೋರೂಮಿನಿಂದ ಏಕೆ ಒಯ್ದರೆಂದು ಬರೆದಿಡಬೇಕಂತೆ, ಅದರ ಎಂಜಿನ್‌ಗೆ ಕೊನೆಯ ಬಾರಿ ಆಯಿಲ್ ಯಾವಾಗ ಹಾಕಿದರೆಂದು ಕೊಳ್ಳುವವನಿಗೆ ಹೇಳಬೇಕಾಗಿಲ್ಲ!

ಆದ್ದರಿಂದ ಈಗ ನಾನು ಫೋನಿನಲ್ಲೇ ಷರತ್ತು ಹೇಳಿಬಿಡುತ್ತೇನೆ. ನಾನು ಬರುವವರೆಗೆ ಎಂಜಿನ್ ತಣ್ಣಗಿರಬೇಕು, ಮೊದಲ ಸ್ಟಾರ್ಟ್ ನನ್ನ ಎದುರಿಗೇ ಆಗಬೇಕು. ಆಯಿಲ್ ಬಿಲ್ಲುಗಳನ್ನು ಮೊದಲೇ ವಾಟ್ಸ್ಯಾಪ್‌ನಲ್ಲಿ ಕಳುಹಿಸಬೇಕು, ಮುಚ್ಚಳ ತೆಗೆಯಲು ಬಿಡಬೇಕು, ಅನುಮಾನ ಬಂದರೆ ನನ್ನ ಖರ್ಚಿನಲ್ಲಿ ಚೇಂಬರ್ ಬಿಚ್ಚಲು ಒಪ್ಪಬೇಕು. ಹೆಚ್ಚಿನವರು ಅಷ್ಟಕ್ಕೇ ಫೋನ್ ಇಡುತ್ತಾರೆ. ನಿನ್ನೆ ಒಬ್ಬರು ಮಾತ್ರ ತಾಳ್ಮೆಯಿಂದ ಎಲ್ಲವನ್ನೂ ಕೇಳಿಸಿಕೊಂಡು, "ಸಾರ್, ಇಷ್ಟೆಲ್ಲ ನೋಡೋದಾದ್ರೆ ನೀವು ಹೊಸ ಗಾಡಿಯನ್ನೇ ತಗೊಳ್ಳಿ" ಎಂದು ಸಲಹೆ ಕೊಟ್ಟರು.