ಕೂಗಳತೆಯ ದೂರ

ನಮ್ಮ ಬ್ರೋಕರ್‌ಗೆ ಕಿಲೋಮೀಟರ್ ಎಂಬ ಅಳತೆಯ ಮೇಲೆ ನಂಬಿಕೆಯಿಲ್ಲ. ಅವರದು ಒಂದೇ ಅಳತೆ, ಕೂಗಳತೆ. ಶಾಲೆ ಕೂಗಳತೆ, ಆಸ್ಪತ್ರೆ ಕೂಗಳತೆ, ರೈಲ್ವೆ ಸ್ಟೇಷನ್ ಕೂಗಳತೆ. ಮಂಗಳೂರು ಸ್ವಲ್ಪ ಜೋರಾಗಿ ಕೂಗಬೇಕು, ಅಷ್ಟೇ.

ನಾವು ಕಾಸರಗೋಡು ಪೇಟೆಯ ನಡುವೆ ಒಂದು ಬಾಡಿಗೆ ಮನೆಯ ಮಹಡಿಯಲ್ಲಿದ್ದೇವೆ. ದೊಡ್ಡವಳಿಗೆ ಐದು, ಚಿಕ್ಕವನಿಗೆ ಎರಡೂವರೆ. ಓಡಲು ಜಾಗವಿಲ್ಲದೆ ಚಿಕ್ಕವನು ಸೋಫಾದಿಂದ ಫ್ರಿಜ್ಜಿಗೆ, ಫ್ರಿಜ್ಜಿನಿಂದ ಸೋಫಾಕ್ಕೆ ಓಡುತ್ತಾನೆ. ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ತಾರಸಿಗೆ ಕುಟ್ಟಿ ಅಭಿಪ್ರಾಯ ತಿಳಿಸುತ್ತಾರೆ. ಅದಕ್ಕೇ ಪೇಟೆಯ ಹೊರಗೆ ಹತ್ತು ಸೆಂಟ್ಸ್ ಜಾಗ, ಸಣ್ಣ ಮನೆ, ಒಂದು ಬಾವಿ, ಸಾಧ್ಯವಾದರೆ ಒಂದು ಮಾವಿನ ಮರ. ಇಷ್ಟೇ ಆಸೆ. ಈ ಆಸೆಯನ್ನು ವಾಟ್ಸಾಪಿನಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಮರುದಿನ ಬೆಳಿಗ್ಗೆ ಹಾಲು ಬರುವ ಮೊದಲು ಬ್ರೋಕರ್ ಬಂದರು.

ಮೊದಲ ಜಾಗ ನೋಡಲು ಹೋಗುವಾಗಲೇ ದಾರಿ ತಪ್ಪಿತು. ತಪ್ಪು ದಾರಿಯದ್ದಲ್ಲ, ಹೆಸರಿನದ್ದು. ನಮ್ಮಲ್ಲಿ ಒಂದು ಊರಿಗೆ ಎರಡೇ ಹೆಸರು ಇದ್ದರೆ ಕಡಿಮೆ ಎಂದು ಲೆಕ್ಕ. ನಮ್ಮಜ್ಜ ಪಿಲಿಕುಂಜೆ ಎನ್ನುತ್ತಿದ್ದರು, ಬೋರ್ಡಿನಲ್ಲಿ ಪುಲಿಕುನ್ನ್. ತುಳುವಿನ ಪಿಲಿ, ಮಲಯಾಳದ ಪುಲಿ, ಕನ್ನಡದ ಹುಲಿ. ಮೂರು ಭಾಷೆಯವರು ಸೇರಿ ಓಡಿಸಿದ್ದಕ್ಕೋ ಏನೋ, ಹುಲಿ ಮಾತ್ರ ಈಗ ಇಲ್ಲ. 2021ರಲ್ಲಿ ಗಡಿನಾಡಿನ ಊರುಗಳ ಹೆಸರು ಬದಲಿಸುತ್ತಾರಂತೆ ಎಂದು ದೊಡ್ಡ ಗುಲ್ಲೆದ್ದಿತ್ತು, ನೆನಪಿರಬಹುದು. ಮಧೂರು ಮಧುರಂ ಆಗುತ್ತದಂತೆ, ಕಾರಡ್ಕ ಕಾಡಗಂ, ಮಲ್ಲ ಮಲ್ಲಂ, ಮಂಜೇಶ್ವರಕ್ಕೂ ಬಾಲಕ್ಕೊಂದು 'ಅಂ'. ಬೆಂಗಳೂರಿನಿಂದ ಮುಖ್ಯಮಂತ್ರಿಯ ಪತ್ರ ಹೋಯಿತು. ತಿರುವನಂತಪುರದಿಂದ 'ಅಂಥ ಯೋಚನೆಯೇ ಇಲ್ಲ' ಎಂಬ ಉತ್ತರ ಬಂತು. ಸರಿ, ಸಂತೋಷ. ಆದರೆ ಆ ಉತ್ತರದ ಪ್ರತಿ ಬೋರ್ಡು ಬರೆಯುವವನಿಗೆ ಹೋದಂತಿಲ್ಲ. ಮೊಬೈಲಿನ ಮ್ಯಾಪಿಗಂತೂ ಹೋಗಿಯೇ ಇಲ್ಲ. ನಾವು ಕನ್ನಡದ ಹೆಸರು ಹಾಕಿದೆವು, ಅದು ನಮ್ಮನ್ನು ಹದಿನೆಂಟು ಕಿಲೋಮೀಟರ್ ಆಚೆಯ ಒಂದು ರಬ್ಬರ್ ತೋಟಕ್ಕೆ ತಲುಪಿಸಿ 'ನೀವು ಗಮ್ಯಸ್ಥಾನ ತಲುಪಿದ್ದೀರಿ' ಎಂದಿತು. ತೋಟ ಚೆನ್ನಾಗಿತ್ತು. ಮಾರಾಟಕ್ಕಿರಲಿಲ್ಲ.

ಎರಡನೇ ಜಾಗಕ್ಕೆ ರೇಟು ಯಾಕೆ ಜಾಸ್ತಿ ಎಂದು ಕೇಳಿದೆ. ಬ್ರೋಕರ್ ಸುತ್ತಮುತ್ತ ನೋಡಿ, ದನಿ ತಗ್ಗಿಸಿ, "ಸಾರ್, ಇದು ಚಂದ್ರಗಿರಿ ಹೊಳೆಯ ಉತ್ತರ" ಎಂದರು.

"ಅದಕ್ಕೆ?"

"ಗಡಿ ಆಯೋಗದ ಮಹಾಜನ ವರದಿ ಸಾರ್. ಹೊಳೆಯಿಂದ ಬಡಗಣ ಭಾಗ ಕರ್ನಾಟಕಕ್ಕೆ ಅಂತ 1967ರಲ್ಲೇ ಬರೆದಿಟ್ಟಾಗಿದೆ. ನಾಳೆ ಜಾರಿಯಾದರೆ ನಿಮ್ಮ ಸೈಟು ಕರ್ನಾಟಕ. ರೇಟು ಡಬಲ್."

ನಾನು ನಕ್ಕೆ. ಹಿಂದೆ ನಿಂತಿದ್ದ ಮಾವನವರು ನಗಲಿಲ್ಲ. ಅವರು ವರದಿ ಬಂದ ಕಾಲದಿಂದ ಕಾಯುತ್ತಿರುವವರು. ಆಗ ಅವರಿಗೆ ಮೀಸೆ ಬಂದಿರಲಿಲ್ಲ, ಈಗ ಬೆಳ್ಳಗಾಗಿದೆ. "ಅವರು ಹೇಳುವುದರಲ್ಲಿ ಪಾಯಿಂಟ್ ಉಂಟು" ಎಂದುಬಿಟ್ಟರು. ಇಡೀ ಗಡಿನಾಡಿನಲ್ಲಿ ಮಹಾಜನ ವರದಿಯಿಂದ ಇಷ್ಟರವರೆಗೆ ಯಾರಿಗಾದರೂ ಲಾಭ ಆಗಿದ್ದರೆ ಅದು ಭಾಷಣ ಮಾಡುವವರಿಗೆ. ಈಗ ಬ್ರೋಕರುಗಳಿಗೂ ಎರಡು ಪರ್ಸೆಂಟ್ ಸಿಗುವುದಾದರೆ ಬೇಡ ಎನ್ನಲು ನಾನ್ಯಾರು?

ಹೇಳಬೇಕೆಂದರೆ ನಮ್ಮ ಕ್ಯಾಲೆಂಡರೇ ಹಾಗೆ. ನವೆಂಬರ್ 1ರಂದು ಕೇರಳಪ್ಪಿರವಿಗೆ, ಅಂದರೆ ಕೇರಳದ ಹುಟ್ಟುಹಬ್ಬಕ್ಕೆ, ಮಗಳಿಗೆ ಜರಿಯಂಚಿನ ಕಸವು ಉಡಿಸಿ ಕಳುಹಿಸಿ ಎಂದು ಬಾಲವಾಡಿಯಿಂದ ಮೆಸೇಜು ಬರುತ್ತದೆ. ಅದೇ ಬೆಳಿಗ್ಗೆ ಬೆಂಗಳೂರಿನ ಚಿಕ್ಕಪ್ಪನಿಂದ ಹಳದಿ ಕೆಂಪು ಬಾವುಟ, ಜೊತೆಗೆ 'ಎಲ್ಲಾದರು ಇರು' ಮಾದರಿಯ ಉಪದೇಶ. 1956ರ ಅದೇ ದಿನ ಅವರಿಗೆ ರಾಜ್ಯ ಸಿಕ್ಕಿತು, ನಮಗೂ ಸಿಕ್ಕಿತು, ಬೇರೆಯದ್ದು. ಮಗಳು ಕಸವು ಉಟ್ಟು, ಕೈಯಲ್ಲಿ ಚಿಕ್ಕಪ್ಪ ಹಿಂದಿನ ವರ್ಷ ಕೊಟ್ಟ ಬಾವುಟ ಹಿಡಿದು ಹೊರಟಳು. ಗೇಟಿನಲ್ಲಿ ನಾನೇ ಬಾವುಟ ತೆಗೆದು ಕಿಸೆಗೆ ಹಾಕಿಕೊಂಡೆ. ಧೈರ್ಯಶಾಲಿ ಅಪ್ಪ.

ಇನ್ನು ಶಾಲೆ. ಮಕ್ಕಳಿರುವವರು ಮೊದಲು ಶಾಲೆ ಗೊತ್ತುಮಾಡಿ ಆಮೇಲೆ ಮನೆ ಹುಡುಕಬೇಕು ಎನ್ನುತ್ತಾರೆ. ನಾವು ಮೊದಲು ಭಾಷೆ ಗೊತ್ತುಮಾಡಬೇಕು. ಕನ್ನಡ ಮಾಧ್ಯಮಕ್ಕೆ ಹಾಕುವುದು ನನ್ನ ಆಸೆ. ಆದರೆ ಇಲ್ಲಿಯ ಪತ್ರಿಕೆ ಓದುವವರಿಗೆ ಒಂದು ಸುದ್ದಿ ಮಳೆಗಾಲದಷ್ಟೇ ಗ್ಯಾರಂಟಿ: ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಮೇಷ್ಟ್ರು. ಅವರು ಮಲಯಾಳದಲ್ಲಿ ತ್ರಿಕೋನ ವಿವರಿಸುತ್ತಾರೆ, ಮಕ್ಕಳು ಕನ್ನಡದಲ್ಲಿ ನೋಡುತ್ತಾರೆ. ಮೇಷ್ಟ್ರ ತಪ್ಪೇನೂ ಇಲ್ಲ, ಪಾಪ. ಪರೀಕ್ಷೆ ಬರೆದರು, ಆರ್ಡರ್ ಬಂತು, ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಳಿದರು. ಅವರಿಗೆ ಕನ್ನಡ ಬರುತ್ತದೆ ಎಂದು ಕಾಗದ ಹೇಳುತ್ತದೆ. ಅದು ಅವರಿಗೂ ಹೊಸ ಸುದ್ದಿ. ಪೋಷಕರು ಧರಣಿ ಕೂರುತ್ತಾರೆ, ಮೇಷ್ಟ್ರು ರಜೆ ಹಾಕುತ್ತಾರೆ, ತ್ರಿಕೋನ ಹಾಗೆಯೇ ಕಪ್ಪು ಹಲಗೆಯ ಮೇಲೆ ಉಳಿಯುತ್ತದೆ.

ಕಾನೂನು ಮಾತ್ರ ತುಂಬಾ ಚುರುಕು. ಕೇರಳದ ಶಾಲೆಗಳಲ್ಲಿ ಹತ್ತನೆಯವರೆಗೆ ಮಲಯಾಳ ಕಡ್ಡಾಯ ಎಂದು 2017ರಲ್ಲೇ ಬರೆದಿಟ್ಟರು. ಮಲಯಾಳ ಕಲಿಯಲು ನಮ್ಮ ಮಕ್ಕಳಿಗೆ ಕಾನೂನು ಬೇಕಾಗಿಲ್ಲ ಮಾರಾಯ್ರೆ, ಪಕ್ಕದ ಮನೆಯ ಮಕ್ಕಳ ಜೊತೆ ಒಂದು ಸಂಜೆ ಸಾಕು. ನನ್ನ ಮಗಳು ಜಗಳ ಶುರುಮಾಡುವುದು ಕನ್ನಡದಲ್ಲಿ, ಮುಂದುವರಿಸುವುದು ಮಲಯಾಳದಲ್ಲಿ, ಅಳುವುದು ತುಳುವಿನಲ್ಲಿ. ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಯಲ್ಲಿ ಹೇಳುತ್ತಾರಲ್ಲ, ಅದರ ಶಾಖೆ ನಮ್ಮ ಜಗಲಿಯಲ್ಲಿದೆ. ಕಾನೂನು ಬೇಕಾಗಿರುವುದು ಮೇಷ್ಟ್ರಿಗೆ ಕನ್ನಡ ಕಲಿಸಲು.

"ಅದೆಲ್ಲ ಬೇಡ, ಗಡಿಯಾಚೆ ಶಾಲೆಗೆ ಹಾಕಿ" ಎಂದು ಹಿತೈಷಿಗಳು. ವ್ಯಾನು ಬೆಳಿಗ್ಗೆ ಆರೂಮುಕ್ಕಾಲಿಗೆ. ಹಾಗೆ ಹಾಕಿದವರ ಪಾಡನ್ನು ಜುಲೈಯಲ್ಲಿ ನೋಡಬೇಕು. ನಮಗೆ ಇಬ್ಬರು ಜಿಲ್ಲಾಧಿಕಾರಿಗಳು, ಒಂದೇ ಮೋಡ. ಮೋಡ ಉಪ್ಪಳದ ಮೇಲೆ ನಿಂತಾಗ ರೆಡ್ ಅಲರ್ಟ್, ಶಾಲೆಗೆ ರಜೆ. ಅದೇ ಮೋಡ ಗಡಿಯ ತಲಪಾಡಿ ದಾಟಿದ ಕೂಡಲೇ ಸಾಧಾರಣ ಮಳೆ, ಶಾಲೆ ಉಂಟು. ಮರುದಿನ ಉಲ್ಟಾ. ಅಪ್ಪನ ಆಫೀಸು ಈಚೆ, ಮಗನ ಶಾಲೆ ಆಚೆ ಇರುವ ಮನೆಗಳಲ್ಲಿ ಬೆಳಿಗ್ಗೆ ಆರು ಗಂಟೆಗೆ ಎರಡು ಮೊಬೈಲು, ಒಂದು ಕೊಡೆ, ಮತ್ತು ಸಮವಸ್ತ್ರ ಅರ್ಧ ಹಾಕಿಕೊಂಡು ನಿಂತ ಒಂದು ಮಗು ಕಾಣಸಿಗುತ್ತದೆ. ಓಣಂ ರಜೆ ಇವರಿಗಿಲ್ಲ, ದಸರಾ ರಜೆ ನೆರೆಮನೆಯವರಿಗಿಲ್ಲ. ಅಣ್ಣ ತಮ್ಮ ಬೇರೆಬೇರೆ ರಾಜ್ಯದ ಶಾಲೆಗೆ ಹೋದರೆ ಆ ಮನೆಯವರು ಅಜ್ಜಿಮನೆಗೆ ಒಟ್ಟಿಗೆ ಹೋಗುವುದು ಮೇ ತಿಂಗಳಲ್ಲಿ ಮಾತ್ರ. ಬಸ್ಸಿನಲ್ಲಿ ಹೋಗುತ್ತೇವೆಂದರೆ ಎರಡೂ ರಾಜ್ಯದ ಬಸ್ಸಿನ ಹೆಸರು ಕೆಎಸ್‌ಆರ್‌ಟಿಸಿ. ಆ ನಾಲ್ಕೈದು ಅಕ್ಷರಕ್ಕಾಗಿ ಇಬ್ಬರೂ ಕೋರ್ಟಿನವರೆಗೆ ಹೋಗಿ ಬಂದರು. ಅಷ್ಟು ಉತ್ಸಾಹದಿಂದ ರಾತ್ರಿ ಹತ್ತರ ನಂತರ ಒಂದು ಬಸ್ಸು ಹೆಚ್ಚು ಬಿಟ್ಟಿದ್ದರೆ ನಾವೇ ಹೆಸರಿಟ್ಟುಕೊಳ್ಳುತ್ತಿದ್ದೆವು.

ಆಸ್ಪತ್ರೆಯ ವಿಷಯಕ್ಕೆ ಬರುವಾಗ ಬ್ರೋಕರ್ ಸ್ವಲ್ಪ ಗಂಭೀರ. "ಮಕ್ಕಳಿಗೆ ಜ್ವರ ಬಂದರೆ ಭಯವಿಲ್ಲ ಸಾರ್, ಮಂಗಳೂರು ಅರ್ಧ ಗಂಟೆ." ಐವತ್ತು ಕಿಲೋಮೀಟರ್‌ ಅರ್ಧ ಗಂಟೆಯಲ್ಲಿ ಹೇಗೆ ಎಂದು ಕೇಳಬಾರದು. ಇಲ್ಲಿ ಹುಟ್ಟಿದ ಯಾರಿಗೂ ಮಂಗಳೂರೇ ಆಸ್ಪತ್ರೆ. ಅಜ್ಜಿಯ ಕಣ್ಣು, ಅಪ್ಪನ ಎದೆ, ತಂಗಿಯ ಹೆರಿಗೆ, ಎಲ್ಲ ಅಲ್ಲಿಯೇ. ಆದರೆ ಕೊರೋನಾ ಬಂದ 2020ರ ಮಾರ್ಚ್‌ನಲ್ಲಿ ಆ ಅರ್ಧ ಗಂಟೆ ಎಷ್ಟು ಉದ್ದವಾಯಿತೆಂದು ನಾವು ಕಣ್ಣಾರೆ ನೋಡಿದ್ದೇವೆ. ತಲಪಾಡಿಯಲ್ಲಿ ಹೆದ್ದಾರಿ ಬಂದ್. ಒಳದಾರಿಗಳಿಗೆ ಲಾರಿಗಟ್ಟಲೆ ಮಣ್ಣು. ಆಂಬುಲೆನ್ಸುಗಳು ಗಡಿಯಿಂದ ತಿರುಗಿ ಬಂದವು. ಕೆಲವರು ಬದುಕಿ ಮನೆಗೆ ತಿರುಗಲಿಲ್ಲ. ಆ ಮಣ್ಣು ಸುರಿದದ್ದು 'ಗಡಿನಾಡ ಕನ್ನಡಿಗರು ನಮ್ಮ ಕರುಳಬಳ್ಳಿ' ಎಂದು ಪ್ರತಿ ನವೆಂಬರಿನಲ್ಲಿ ಹೇಳುವ ಕಡೆಯಿಂದ.

ಈಚೆಯವರು ಸುಮ್ಮನೆ ಕೂತಿದ್ದಾರೆ ಎಂದಲ್ಲ. ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರ ನವೆಂಬರಿನಲ್ಲೇ ಕಲ್ಲು ಹಾಕಿದ್ದಾರೆ. ಆ ವಾರ ಹುಟ್ಟಿದ ಮಗು ಈಗ ಹೈಸ್ಕೂಲಿನ ಹೊಸ್ತಿಲಲ್ಲಿದೆ. ಅಲ್ಲಿ ಮೊದಲ ರೋಗಿಗಳು ಮಲಗಿದ್ದು 2020ರ ಏಪ್ರಿಲಿನಲ್ಲಿ, ಕೊರೋನಾ ಕೃಪೆಯಿಂದ, ಅದೂ ಆಸ್ಪತ್ರೆಯ ಕಟ್ಟಡದಲ್ಲಲ್ಲ, ಆಡಳಿತದ ಕಟ್ಟಡದಲ್ಲಿ. ನೋಡಿಕೊಳ್ಳಲು ಡಾಕ್ಟರುಗಳ ತಂಡ ತಿರುವನಂತಪುರದಿಂದ ರಾಜ್ಯದ ಉದ್ದಕ್ಕೂ ಪ್ರಯಾಣ ಮಾಡಿ ಬಂತು. ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷವನ್ನು ವರ್ಷಗಟ್ಟಲೆ ಆಕಾಶದಿಂದ ಸುರಿದ ಜಿಲ್ಲೆ ಇದು. ಹೆಲಿಕಾಪ್ಟರಿಗೆ ಗೇರುತೋಟ ಸರಿಯಾಗಿ ಸಿಕ್ಕಿತ್ತು, ವೈದ್ಯರಿಗೆ ದಾರಿ ಸಿಗುವುದಿಲ್ಲ. ಈ ಮಾತನ್ನು ತಮಾಷೆಗೆ ಹೇಳುತ್ತಿಲ್ಲ.

ಮಕ್ಕಳು ಆಡುವ ಜಾಗ? ಅದಕ್ಕೇನೂ ಕೊರತೆಯಿಲ್ಲ, ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟರಾಯಿತು. ಗದ್ದೆ ಇದ್ದಲ್ಲಿ ಈಗ ಟರ್ಫ್, ಪ್ಲಾಸ್ಟಿಕ್ ಹುಲ್ಲು, ರಾತ್ರಿ ಹನ್ನೆರಡರವರೆಗೆ ಬೆಳಕು. ಎರಡೂವರೆ ವರ್ಷದವನಿಗೆ ಅಡ್ವಾನ್ಸ್ ಬುಕ್ಕಿಂಗ್ ಮಾಡಿ ಮಣ್ಣಿಲ್ಲದ ಜಾಗದಲ್ಲಿ ಬೀಳಿಸಬಹುದು. ದಾರಿಯಲ್ಲಿ ಆಡಿಸುತ್ತೇನೆಂದರೆ ನಾಯಿಗಳಿವೆ. 2022ರಲ್ಲಿ ನಮ್ಮ ಜಿಲ್ಲೆಯಲ್ಲೇ ಒಬ್ಬ ತಂದೆ ನಾಯಿಗಳಿಗೆ ಹೆದರಿ ಏರ್‌ಗನ್ ಹಿಡಿದು ಮಕ್ಕಳನ್ನು ಮದರಸಕ್ಕೆ ಕರಕೊಂಡು ಹೋದರು. ವಿಡಿಯೋ ದೇಶವಿಡೀ ಓಡಿತು. ಪೊಲೀಸರು ಕೇಸು ಹಾಕಿದರು. ನಾಯಿಯ ಮೇಲಲ್ಲ.

ಹೀಗೆ ಹನ್ನೊಂದು ಜಾಗ ನೋಡಿದೆವು. ಒಂದರಲ್ಲಿ ಬಾವಿ ಇತ್ತು, ನೀರು ಉಪ್ಪು. ಒಂದರಲ್ಲಿ ನೀರು ಸಿಹಿ, ಆದರೆ ಬಾವಿ ಪಕ್ಕದವರದ್ದು. ಹನ್ನೆರಡನೆಯದು ಮಾತ್ರ ಹೆಂಡತಿಗೆ ನೋಡಿದ ಕೂಡಲೇ ಹಿಡಿಸಿತು. ಹಂಚಿನ ಮನೆ, ಜಗಲಿ, ಮಾವಿನ ಮರ. ಮರಕ್ಕೆ ಹಿಂದಿನವರು ಕಟ್ಟಿದ ಉಯ್ಯಾಲೆಯ ಹಗ್ಗ ಹಾಗೆಯೇ ಇತ್ತು. ಜಗಲಿಯಲ್ಲಿ ನಿಂತರೆ ಎದುರಿಗೇ ಒಂದು ಕನ್ನಡ ಶಾಲೆ. ಬ್ರೋಕರ್ ಈ ಬಾರಿ ಕೂಗಳತೆ ಎಂದದ್ದು ನೂರಕ್ಕೆ ನೂರು ಸತ್ಯ. ಕಲ್ಲು ಬೀರಿದರೆ ಅದರ ಹಂಚಿಗೆ ತಾಗುತ್ತದೆ.

ನಡುವೆ ಒಂದು ರಸ್ತೆ ಇತ್ತು. ರಾಷ್ಟ್ರೀಯ ಹೆದ್ದಾರಿ 66.

ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್, ಆರು ಪಥ, ಎರಡು ಬದಿಗೆ ಸರ್ವಿಸ್ ರೋಡು, ಒಟ್ಟು ಅಗಲ 45 ಮೀಟರ್. ರಸ್ತೆ ಚೆನ್ನಾಗಿದೆ, ಸುಳ್ಳು ಹೇಳಬಾರದು. ಕಾರಿನಲ್ಲಿ ಕೂತರೆ ಚಹಾ ಚೆಲ್ಲುವುದಿಲ್ಲ. ಆದರೆ ಅದು ಉದ್ದಕ್ಕೆ ಹೋಗುವವರ ರಸ್ತೆ. ನಾವು ಅಡ್ಡಕ್ಕೆ ಹೋಗುವವರು. ಮೊದಲು ಒಂದು ಊರು ಇದ್ದಲ್ಲಿ ಈಗ ಆಚೆಬದಿ, ಈಚೆಬದಿ ಎಂದು ಎರಡು ಊರು. ಹಾಲಿನವರು ಆಚೆಬದಿ, ಹಟ್ಟಿ ಈಚೆಬದಿ. ದೇವಸ್ಥಾನ ಈಚೆ, ಭಟ್ಟರ ಮನೆ ಆಚೆ. ರಸ್ತೆ ಬರುವ ಮೊದಲು ಇದ್ದ ಕ್ರಿಕೆಟ್ ಟೀಮು ಈಗ ಎರಡಾಗಿ, ಪರಸ್ಪರ ಪಂದ್ಯ ಆಡಲು ಬಸ್ಸು ಹಿಡಿಯುತ್ತವೆ. ಅಂಡರ್‌ಪಾಸ್ ಕೊಡಿ ಎಂದು ಕೇಳಲು ಪ್ರತಿ ಊರಿಗೊಂದು ಹೋರಾಟ ಸಮಿತಿ ಹುಟ್ಟಿತು. ಅದರಲ್ಲೂ ಆಚೆಬದಿ ಸಮಿತಿ, ಈಚೆಬದಿ ಸಮಿತಿ. ಒಟ್ಟಿಗೆ ಮೀಟಿಂಗ್ ಮಾಡೋಣ ಎಂದರೆ ದಾಟುವುದು ಹೇಗೆ?

ನಾನು ಸ್ಕೂಟರಿನಲ್ಲಿ ಅಳೆದು ನೋಡಿದೆ. ಸರ್ವಿಸ್ ರೋಡಿನಲ್ಲಿ ಬಡಗಣ ದಿಕ್ಕಿಗೆ ಹೋಗಿ, ಅಂಡರ್‌ಪಾಸಿನಲ್ಲಿ ಒಂದು ಲಾರಿ ಹೊರಬರುವವರೆಗೆ ಕಾದು, ಆಚೆಬದಿಯಲ್ಲಿ ತೆಂಕಣಕ್ಕೆ ತಿರುಗಿ ಬಂದರೆ ಮೂರು ಕಿಲೋಮೀಟರ್ ಇನ್ನೂರು ಮೀಟರ್. ಶಾಲೆಯ ಗೇಟಿನಲ್ಲಿ ನಿಂತು ತಿರುಗಿ ನೋಡಿದೆ. ಎದುರಿಗೇ ಮಾವಿನ ಮರ, ಜಗಲಿಯಲ್ಲಿ ಹೆಂಡತಿ, ಕೈಬೀಸುವ ಮಗ. ಗಲ್ಫಿಗೆ ಹೋದವರಂತೆ ನಾನೂ ಕೈಬೀಸಿದೆ.

"ನಡೆದು ಹೋಗಲು ಮೇಲ್ಸೇತುವೆ ಬರುತ್ತದೆ ಸಾರ್" ಎಂದರು ಬ್ರೋಕರ್, ನಾನು ವಾಪಸು ಬಂದ ಮೇಲೆ.

"ಎಲ್ಲಿ?"

"ಕೂಗಳತೆಯಲ್ಲೇ."

ಹೆಂಡತಿ ಆಗಲೇ ಅಡುಗೆಮನೆಯಲ್ಲಿ ಗ್ರೈಂಡರ್ ಎಲ್ಲಿಡುವುದೆಂದು ನೋಡುತ್ತಿದ್ದಳು. ಮಾವನವರು ಅಂಗಳದಲ್ಲಿ ನಿಂತು ಚಂದ್ರಗಿರಿ ಹೊಳೆ ಯಾವ ದಿಕ್ಕಿಗೆ ಬರುತ್ತದೆಂದು ಲೆಕ್ಕ ಹಾಕುತ್ತಿದ್ದರು. ಅಷ್ಟರಲ್ಲಿ ಆಚೆಬದಿಯಲ್ಲಿ ಶಾಲೆಯ ಗಂಟೆ ಹೊಡೆಯಿತು. ಲಾರಿಗಳ ನಡುವೆ ಸ್ವಲ್ಪ ಬಿಡುವು ಸಿಕ್ಕಿ, ಟೀಚರ್ ಹಾಜರಿ ಕರೆಯುವುದೂ ಕೇಳಿಸಿತು, ಒಂದೊಂದೇ ಹೆಸರು. ನಡುವೆ ಯಾರದೋ ಹೆಸರಿಗೆ ಉತ್ತರ ಬರಲಿಲ್ಲ. ಟೀಚರ್ ಎರಡನೇ ಸಲ ಕರೆದರು.

ಉಯ್ಯಾಲೆಯ ಹಗ್ಗ ಹಿಡಿದು ನಿಂತಿದ್ದ ಮಗಳು ಎದೆಯುಬ್ಬಿಸಿ, ಇಡೀ ಆರು ಪಥ ದಾಟುವಂತೆ ಕೂಗಿದಳು: "ಹಾಜರ್ ಟೀಚರ್!"

ಬ್ರೋಕರ್ ನನ್ನ ಮುಖ ನೋಡಿದರು. "ಟೋಕನ್ ಅಡ್ವಾನ್ಸ್ ಎಷ್ಟು ಬರೆಯಲಿ ಸಾರ್?"