ಎರಡು ಅರ್ತಿನ ಕಾರು

ಕಾರಿನ ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಶನ್ ಕಾಯಿಲು ನಾಲ್ಕು, ಒಂದೊಂದಕ್ಕೆ ನಾಲ್ಕು ವಯರು, ಒಟ್ಟು 16. ಎಲ್ಲವೂ ಕಪ್ಪು. ವಯರಿಂಗ್ ಮಾಡಿದ ಪುಣ್ಯಾತ್ಮನಿಗೆ ಫೋನ್ ಮಾಡಿ ಕೇಳಿದರೆ, "ಒಂದೇ ಬಂಡಲಲ್ಲಿ ಕೆಲಸ ಮುಗಿಸಿದೆ ಸರ್" ಎಂದು ಹೆಮ್ಮೆಯಿಂದ ಹೇಳಿದ. ಆಮೇಲೆ ಫೋನು ಎತ್ತಲೇ ಇಲ್ಲ. ಗುರುತಿಗೆ ಬಿಳಿ ಟೇಪ್ ಸುತ್ತಿ ನಂಬರ್ ಬರೆದಿದ್ದ, ನಿಜ. ಆದರೆ ಕಾರು ಮಂಗಳೂರಿಂದ ಪಿಕಪ್ಪಿನ ಮೇಲೆ ಕೂತು, ತಲಪಾಡಿ ದಾಟಿ, ಬದಿಯಡ್ಕಕ್ಕೆ ಬರುವಷ್ಟರಲ್ಲಿ ಟೇಪೆಲ್ಲ ಬಿಟ್ಟುಹೋಗಿ, 3 ಅಂತ ಬರೆದದ್ದೊಂದು ಮಾತ್ರ ರೇಡಿಯೇಟರಿಗೆ ಅಂಟಿಕೊಂಡಿತ್ತು.

ಕಾರು ಅಪ್ಪನದ್ದು, ಪ್ರೀಮಿಯರ್ ಪದ್ಮಿನಿ. ಮೊದಲು ಅದಕ್ಕಿದ್ದದ್ದು ಒಂದೇ ಕಾಯಿಲು, ಒಂದು ಡಿಸ್ಟ್ರಿಬ್ಯೂಟರು. ನಾಲ್ಕೂ ಸಿಲಿಂಡರಿಗೆ ಸರದಿ ಪ್ರಕಾರ ಕಿಡಿ ಹಂಚುವುದು ಅದರ ಕೆಲಸ. ಅಕ್ಕನ ಮಗ ಬೆಂಗಳೂರಿನಲ್ಲಿ ಎಂಜಿನಿಯರು. "ಮಾವ, ಅದನ್ನೆಲ್ಲ ತೆಗೆದು ಇಸಿಯು, ಅಂದರೆ ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್ ಹಾಕುವ, ಸೆಲ್ಫ್ ಹೊಡೆದ ಕೂಡಲೇ ಸ್ಟಾರ್ಟು" ಎಂದು ವರ್ಷವಿಡೀ ತಲೆ ತಿಂದ. ಹಾಕಿಸಿಯೂ ಆಯಿತು. ಈಗ ಸೆಲ್ಫ್ ಹೊಡೆದ ಕೂಡಲೇ ಸೈಲೆನ್ಸರಿನಿಂದ ಢಂ! ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ ಅಕ್ಕ ಬೆಚ್ಚಿಬಿದ್ದು ಬುಟ್ಟಿ ಕೈಬಿಟ್ಟಳು. ತೋಟದಾಚೆಯಿಂದ ಯಾರೋ "ಕುಂಬಳೆ ಬೆಡಿ ಇವತ್ತಾ?" ಎಂದು ಕೂಗಿದರು, ಜಾತ್ರೆಯ ಸಿಡಿಮದ್ದು ಅಂದುಕೊಂಡು.

ಇಷ್ಟಾದರೆ ಸಹಿಸಬಹುದಿತ್ತು. ಭಾವ ಬಂದರು.

ಭಾವನಿಗೆ ಲೋಕದ ಎಲ್ಲ ಕಾಯಿಲೆಗೂ ಒಂದೇ ಮದ್ದು. "ಅರ್ತ್ ನೋಡಿದ್ಯಾ?" ಊರಿನ ಪಂಪ್‌ಸೆಟ್ಟುಗಳೆಲ್ಲ ಅವರ ಕೈಯಲ್ಲೇ ರಿಪೇರಿ. ಅರ್ತಿನ ಗುಂಡಿಗೆ ಉಪ್ಪು, ಇದ್ದಿಲು ತುಂಬಿಸಿ ಚೊಂಬಲ್ಲಿ ನೀರು ಹೊಯ್ಯುವುದರಲ್ಲಿ ಅವರಿಗೆ ಪೂಜೆಗೆ ಕೂತಷ್ಟು ಶ್ರದ್ಧೆ. ಟಿವಿ ಬರದಿದ್ದರೂ ಅರ್ತು, ಫೋನಿಗೆ ರೇಂಜ್ ಸಿಗದಿದ್ದರೂ ಅರ್ತು. ಒಮ್ಮೆ ಅಕ್ಕನಿಗೆ ತಲೆ ತಿರುಗಿದಾಗ ಬರಿಗಾಲಲ್ಲಿ ನಿಲ್ಲು ಎಂದಿದ್ದರಂತೆ. ಅಕ್ಕ ಇನ್ನೂ ಅದನ್ನು ಮರೆತಿಲ್ಲ.

ಬಂದವರೇ ಬಾನೆಟ್ಟಿನೊಳಗೆ ತಲೆ ಹಾಕಿದರು. "ಅರ್ತ್ ಎಲ್ಲಿ?"

"ಬ್ಯಾಟರಿಯ ನೆಗೆಟಿವ್ ಕಾರಿನ ಬಾಡಿಗೆ ಜೋಡಿಸಿದೆ ಭಾವ."

"ಬಾಡಿ ನೆಲಕ್ಕೆ ಎಲ್ಲಿ ತಾಗಿದೆ? ಟಯರು ರಬ್ಬರ್ ಅಲ್ವಾ ಮಾರಾಯ!"

ಕಾರಿನಲ್ಲಿ ಅರ್ತ್ ಅಂದರೆ ಭೂಮಿ ಅಲ್ಲ, ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ ಅಷ್ಟೇ ಎಂದು ಅಕ್ಕನ ಮಗ ವಿಡಿಯೋ ಕಾಲಿನಲ್ಲಿ ಭಾವನಿಗೆ ವಿವರಿಸಿದ. ಅಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಎಂಜಿನಿಯರು ನೋಡಿ, ಈ ಕಾಯಿಲಿಗೆ ಎರಡು ಅರ್ತ್ ಇದೆ ಎಂದೂ ಹೇಳಿಬಿಟ್ಟ. ಕಾಯಿಲಿನ ದೊಡ್ಡ ಕರೆಂಟು ಎಂಜಿನ್ ಹೆಡ್ಡಿಗೆ ಹೋಗಬೇಕು, ಇಸಿಯು ಕಳಿಸುವ 5 ವೋಲ್ಟಿನ ಸಿಗ್ನಲಿನದ್ದು ಬೇರೆಯೇ ವಯರಲ್ಲಿ ಇಸಿಯುಗೆ ವಾಪಸ್ ಬರಬೇಕು, ಬೆರೆಸಿದರೆ ಸಿಗ್ನಲ್ ಕೆಡುತ್ತದೆ.

"ಎರಡು ಅರ್ತಾ?" ಭಾವನ ಮುಖ ನೋಡಬೇಕಿತ್ತು. ಇಷ್ಟು ವರ್ಷ ಒಂದೇ ದೇವರನ್ನು ನಂಬಿದವರಿಗೆ ಇನ್ನೊಂದು ಇದೆ ಅಂದ ಹಾಗೆ. ಒಳಗೆ ಹೋಗಿ ನೀರು ಕುಡಿದು, ಸ್ಪ್ಯಾನರ್ ಹಿಡಿದು ಬಂದರು. ಮತ್ತೆ ಸಂಜೆಯವರೆಗೆ ಕಾರಿನಲ್ಲಿ ಕಂಡ ಒಂದೊಂದು ಬೋಲ್ಟನ್ನೂ ಬಿಚ್ಚುವುದು, ಉಜ್ಜುವುದು, ಬಿಗಿಯುವುದು. ಕಿಡಿಗೆ ಸಂಬಂಧವೇ ಇಲ್ಲದ ಹಾರ್ನಿನ ಬೋಲ್ಟೂ ಬಿಡಲಿಲ್ಲ. ಮಧ್ಯೆ ಮಧ್ಯೆ "ಇದು ಯಾವ ಅರ್ತ್, ದೊಡ್ಡದಾ ಸಣ್ಣದಾ?" ಎಂಬ ಪ್ರಶ್ನೆ. ವಯರೆಲ್ಲ ಕಪ್ಪು, ನಾನು ಏನು ಹೇಳಲಿ? ಮಲ್ಟಿಮೀಟರಿನ ಒಂದು ಮೊನೆ ಇಸಿಯು ಕನೆಕ್ಟರಿಗೆ, ಇನ್ನೊಂದು ಕಾಯಿಲಿಗೆ ಮುಟ್ಟಿಸಿ, ಬೀಪ್ ಬಂದದ್ದಕ್ಕೆ ಹೆಂಡತಿಯ ನೇಲ್ ಪಾಲಿಶ್ ಹಚ್ಚುತ್ತಾ ಕೂತೆ.

ಉಜ್ಜಲು ಸ್ಯಾಂಡ್‌ಪೇಪರ್ ಬೇಕೆಂದು ಭಾವ ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ಕೈ ಹಾಕಿದರು. ಒಂದು ತುಂಡು ಸಿಕ್ಕಿತು, ನಾಲ್ಕಾಗಿ ಮಡಚಿದ್ದು, ಅಂಚೆಲ್ಲ ಸವೆದು ಬಟ್ಟೆಯ ಹಾಗಾಗಿತ್ತು. ಅಪ್ಪನದ್ದು. ಕಾಸರಗೋಡಿಗೆ ಹೋಗುವ ದಾರಿಯಲ್ಲಿ ಗಾಡಿ ನಿಂತರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಅದರಿಂದ ಪಾಯಿಂಟ್ ಉಜ್ಜಿ, ಉಫ್ ಎಂದು ಊದಿ, ಬಾಯಿಯ ವೀಳ್ಯ ಉಗುಳಿ ಮುಂದೆ ಹೊರಡುತ್ತಿದ್ದರು. ಅವರು ಲ್ಯಾಪ್‌ಟಾಪ್ ಮುಟ್ಟಿದವರಲ್ಲ, ಗಾಡಿ ಮಾತ್ರ ಹೋಗುತ್ತಿತ್ತು. ಭಾವನೂ ಒಂದು ಗಳಿಗೆ ಏನೂ ಹೇಳಲಿಲ್ಲ. ಆಮೇಲೆ ಅದರಲ್ಲೇ ಎಂಜಿನ್ ಹೆಡ್ಡಿನ ಅರ್ತ್ ಉಜ್ಜಿದರು.

ಸ್ಟಾರ್ಟ್ ಮಾಡಿದೆವು. ಢಂ.

ಸಿಟ್ಟು ಬಂದದ್ದು ಯಾಕೆಂದರೆ, ಟೆಸ್ಟ್ ಮಾಡಿದರೆ ಎಲ್ಲ ಸರಿ. ಪ್ಲಗ್ ಬಿಚ್ಚಿ ಬಾಡಿಗೆ ತಾಗಿಸಿ ಇಟ್ಟು, ಇಸಿಯುಗೆ ಜೋಡಿಸಿದ ಲ್ಯಾಪ್‌ಟಾಪಿನಲ್ಲಿ ಒಂದು ಒತ್ತಿದರೆ ಒಂದನೇ ಪ್ಲಗ್ಗಿನಲ್ಲಿ ನೀಲಿ ಕಿಡಿ, ಎರಡು ಒತ್ತಿದರೆ ಎರಡನೆಯದರಲ್ಲಿ. ಕಾಯಿಲೂ ಬಿಸಿಯಾಗುತ್ತಿಲ್ಲ. ಸಿಗ್ನಲ್ ಉಲ್ಟಾ ಇದ್ದರೆ ಕೀ ತಿರುಗಿಸಿ ಸುಮ್ನೆ ಬಿಟ್ಟರೂ ಕಾಯಿಲು ಕಾದು ಸುಟ್ಟೇ ಹೋಗುತ್ತದಂತೆ.

ರಾತ್ರಿ ಊಟದ ಹೊತ್ತಿಗೆ ಫೋನ್ ಬಂತು. ಎಂಜಿನಿಯರು ಕೊನೆಗೂ ಮ್ಯಾನ್ಯುವಲ್ ಓದಿದ್ದ. ಈ ಇಸಿಯುವಿನಲ್ಲಿ ಔಟ್‌ಪುಟ್ಟಿನ ನಂಬರ್ ಅಂದರೆ ಸಿಲಿಂಡರಿನ ನಂಬರ್ ಅಲ್ಲ, ಕಿಡಿ ಹೊಡೆಯುವ ಸರದಿ. ಪದ್ಮಿನಿಯ ಸರದಿ 1-3-4-2. ಅಂದರೆ ಎರಡನೇ ಔಟ್‌ಪುಟ್ 3ನೇ ಸಿಲಿಂಡರಿಗೆ, ಮೂರನೆಯದು 4ಕ್ಕೆ, ನಾಲ್ಕನೆಯದು 2ಕ್ಕೆ. ನಮ್ಮ ಪುಣ್ಯಾತ್ಮ ಒಂದಕ್ಕೆ ಒಂದು, ಎರಡಕ್ಕೆ ಎರಡು ಎಂದು ಮಗ್ಗಿ ಬರೆದ ಹಾಗೆ ಜೋಡಿಸಿದ್ದ. ಒಂದನೇ ಸಿಲಿಂಡರ್ ಬಿಟ್ಟರೆ ಉಳಿದ ಮೂರಕ್ಕೂ ಹೊತ್ತಲ್ಲದ ಹೊತ್ತಲ್ಲಿ ಕಿಡಿ. ಉರಿಯದ ಪೆಟ್ರೋಲ್ ಹೋಗಿ ಸೈಲೆನ್ಸರಿನಲ್ಲಿ ಬೆಡಿ.

ಬೆಳಿಗ್ಗೆ ಮೂರು ವಯರು ಅದಲುಬದಲು ಮಾಡಿ ಸೆಲ್ಫ್ ಹೊಡೆದೆ. ಹೊಡೆದ ಕೂಡಲೇ ಸ್ಟಾರ್ಟು, ಆಡಿಸಿದ ಹಾಗೆ ಆಡುತ್ತದೆ. ಕೈ ಒರೆಸುತ್ತಾ ಬಂದ ಭಾವ ಒಂದು ನಿಮಿಷ ಎಂಜಿನ್ ಸದ್ದು ಕೇಳಿ, "ನೋಡು, ನಿನ್ನೆ ಅರ್ತ್ ಬಿಗಿ ಮಾಡಿದ್ದು ಈಗ ಹಿಡಿಯಿತು" ಎಂದರು. ಅಕ್ಕ ನನಗೆ ಕಣ್ಣು ಮಾಡಿದಳು, ಮಾತಾಡಬೇಡ ಎಂದು.

ಮೊನ್ನೆ ನೆಂಟರ ಮನೆಯ ಪೂಜೆಗೆ ಅದರಲ್ಲೇ ಹೋದೆವು. ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವ ಹೊತ್ತಿಗೆ ಮೈಕು ಕೊಂಯ್ ಎಂದು ಕೂಗಲು ಶುರುಮಾಡಿತು. ಭಾವ ಅರ್ಧ ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದರು.